ಕ್ರೈಸ್ತ ಲೇಖಕರ ಇಂಗ್ಲಿಷ್ ಸಾಹಿತ್ಯ: ನಂಬಿಕೆ ಎಲ್ಲಿ ಕತೆಯಾಯಿತು, ಎಲ್ಲಿ ಉಪದೇಶವಾಯಿತು?

1940ರಲ್ಲಿ ಜಾರ್ಜ್ ಆರ್ವೆಲ್ 'ಇನ್‌ಸೈಡ್ ದಿ ವೇಲ್' ಎಂಬ ಪ್ರಬಂಧದಲ್ಲಿ ಒಂದು ಖಾರವಾದ ವಾದ ಮುಂದಿಟ್ಟರು. ಯಾವುದೇ ಸಿದ್ಧಾಂತಕ್ಕೆ ತನ್ನನ್ನು ಪೂರ್ತಿ ಒಪ್ಪಿಸಿಕೊಂಡವರು ಒಳ್ಳೆಯ ಕಾದಂಬರಿ ಬರೆಯೋದು ಕಷ್ಟ, ರೋಮನ್ ಕ್ಯಾಥೊಲಿಕರಲ್ಲಿ ಒಳ್ಳೆಯ ಕಾದಂಬರಿಕಾರರನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು ಅನ್ನೋದು ಅದರ ತಾತ್ಪರ್ಯ. ಕಮ್ಯುನಿಸ್ಟ್ ಪಕ್ಷದ ನಿಲುವಿಗೆ ತಕ್ಕಂತೆ ಬರೆಯುತ್ತಿದ್ದ ತಮ್ಮ ಕಾಲದ ಲೇಖಕರನ್ನೂ ಅವರು ಅದೇ ತಕ್ಕಡಿಯಲ್ಲಿ ತೂಗಿದರು. ಹಾಗಾಗಿ ಇದು ಬರೀ ಧರ್ಮದ ಪ್ರಶ್ನೆಯಲ್ಲ. ಗಟ್ಟಿ ರಾಜಕೀಯ ನಿಲುವು ಇರುವ ಯಾರೇ ಬರೆಯಲು ಕೂತರೂ ಎದುರಾಗುವ ಪ್ರಶ್ನೆ.

ತಮಾಷೆ ಅಂದ್ರೆ, ಆರ್ವೆಲ್ ಮಾತಿಗೆ ಉತ್ತರದಂಥ ಕಾದಂಬರಿ ಅದೇ 1940ರಲ್ಲಿ ಬಂತು.

ಕುಡುಕ ಪಾದ್ರಿ, ಪ್ರಾಮಾಣಿಕ ಪೊಲೀಸ್

ಗ್ರಹಾಂ ಗ್ರೀನ್ 1926ರಲ್ಲಿ ಕ್ಯಾಥೊಲಿಕ್ ಪಂಥ ಸೇರಿದವರು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್'ಗೆ 1935ರಲ್ಲಿ ಪ್ರಕಾಶಕರನ್ನು ಹುಡುಕಿಕೊಟ್ಟ ಗ್ರೀನ್ ಇವರೇ. ಮೆಕ್ಸಿಕೊದ ತಬಾಸ್ಕೊ ರಾಜ್ಯದಲ್ಲಿ ಸರ್ಕಾರ ಚರ್ಚ್‌ಗಳನ್ನು ಮುಚ್ಚಿಸಿ ಪಾದ್ರಿಗಳನ್ನು ಬೇಟೆಯಾಡಿತ್ತು. 1938ರಲ್ಲಿ ಅಲ್ಲಿಗೆ ಹೋಗಿಬಂದ ಗ್ರೀನ್ 'ದಿ ಪವರ್ ಅಂಡ್ ದಿ ಗ್ಲೋರಿ' ಬರೆದರು.

ಉಪದೇಶಕ್ಕೆ ಇಳಿಯುವ ಲೇಖಕ ಇಲ್ಲಿ ಪಾದ್ರಿಯನ್ನು ಸಂತ ಮಾಡಿ, ಪೊಲೀಸನನ್ನು ರಾಕ್ಷಸ ಮಾಡುತ್ತಿದ್ದ. ಗ್ರೀನ್ ಉಲ್ಟಾ ಮಾಡಿದರು. ತಪ್ಪಿಸಿಕೊಂಡು ಓಡುತ್ತಿರುವ ಪಾದ್ರಿ ಕುಡುಕ, ಹೇಡಿ, ಒಂದು ಮಗುವಿನ ತಂದೆ. ಅವನ ಬೆನ್ನು ಹತ್ತಿದ ಲೆಫ್ಟಿನೆಂಟ್ ನಾಸ್ತಿಕ, ಸರಳವಾಗಿ ಬದುಕುವವನು. ಬಡವರಿಂದ ಕಾಸು ಕಿತ್ತ ಚರ್ಚನ್ನು ಬಾಲ್ಯದಲ್ಲೇ ಕಂಡವನು, ಊರಿನ ಮಕ್ಕಳಿಗೆ ಬೇರೆಯದೇ ಬದುಕು ಸಿಗಲಿ ಅಂತ ನಿಜವಾಗಿಯೂ ಬಯಸುವವನು. ಆದರೆ ಆ ನಾಳೆಗಾಗಿ ಹಳ್ಳಿಯ ಒತ್ತೆಯಾಳುಗಳನ್ನು ಗುಂಡಿಟ್ಟು ಕೊಲ್ಲಿಸೋದೂ ಅವನೇ. ಪಾದ್ರಿಯ ಗುರುತು ಹತ್ತದೆ ಅವನನ್ನು ಜೈಲಿನಿಂದ ಬಿಡುವಾಗ ಕೈಗೆ ದುಡ್ಡು ಕೊಟ್ಟು ಕಳಿಸೋದೂ ಅವನೇ. ಓದುವಾಗ ನನ್ನ ಒಲವು ಎಷ್ಟೋ ಸಲ ಲೆಫ್ಟಿನೆಂಟ್ ಕಡೆಗೇ ಹೋಗಿದೆ. ಹಾಗೆ ಹೋಗಲಿಕ್ಕೆ ಗ್ರೀನ್ ಜಾಗ ಬಿಟ್ಟಿದ್ದಾರೆ. ಎದುರಾಳಿಗೆ ಅವನ ಅತ್ಯುತ್ತಮ ವಾದವನ್ನು ಕೊಟ್ಟು, ಆಮೇಲೆ ತನ್ನ ನಂಬಿಕೆಯನ್ನು ಕಣಕ್ಕಿಳಿಸಿದ್ದರಿಂದಲೇ ಇದು ಪ್ರಚಾರ ಪುಸ್ತಕವಾಗಲಿಲ್ಲ.

ಚರ್ಚ್‌ಗೂ ಇದು ಗೊತ್ತಾಯಿತು. 1950ರ ದಶಕದಲ್ಲಿ ವ್ಯಾಟಿಕನ್ ಕಾದಂಬರಿಯನ್ನು ಆಕ್ಷೇಪಿಸಿ ಬದಲಾವಣೆ ಕೇಳಿತು. ಹಕ್ಕುಗಳು ಪ್ರಕಾಶಕರ ಬಳಿ ಇವೆ ಅಂತ ಹೇಳಿ ಗ್ರೀನ್ ನುಣುಚಿಕೊಂಡರು. ಮುಂದೆ ಅವರನ್ನು ಭೇಟಿಯಾದ ಪೋಪ್ ಆರನೇ ಪಾಲ್, ಆ ಪುಸ್ತಕ ಓದಿದ್ದೇನೆ, ಆಕ್ಷೇಪಗಳಿಗೆ ತಲೆಕೆಡಿಸಿಕೊಳ್ಳಬೇಡಿ ಎಂಬರ್ಥದ ಮಾತಾಡಿದರು.

ಎಡವಿದ್ದು ಎಲ್ಲಿ?

ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಕೊನೆಯ ಪುಸ್ತಕ 'ದಿ ಲಾಸ್ಟ್ ಬ್ಯಾಟಲ್' (1956) ನೋಡಿ. ಲಿಪ್‌ಸ್ಟಿಕ್, ಪಾರ್ಟಿ ಅಂತ ಓಡಾಡುತ್ತಾಳೆ ಅನ್ನೋ ಮಾತಿನಲ್ಲೇ ಸೂಸನ್ ಎಂಬ ಹುಡುಗಿ ನಾರ್ನಿಯಾದ ಬಳಗದಿಂದ ಹೊರಗೆ. ಅವಳ ಪರವಾಗಿ ಒಂದು ಮಾತಾಡಲೂ ಕತೆಯಲ್ಲಿ ಅವಕಾಶವಿಲ್ಲ. ಕಪ್ಪು ಮೈಬಣ್ಣದ ಕಾಲರ್ಮೆನ್ ಜನರ ಚಿತ್ರಣವಂತೂ ಇವತ್ತು ಓದಿದರೆ ಮುಜುಗರ. ಲೂಯಿಸ್ ಕಲ್ಪನೆ ದೊಡ್ಡದು, ಆದರೆ ತೀರ್ಪು ಮೊದಲೇ ಬರೆದಿಟ್ಟದ್ದು.

ಅಮೆರಿಕದ ಎರಡು ಕತೆ

ಫ್ಲ್ಯಾನರಿ ಓಕಾನರ್ (1925-1964) ಜಾರ್ಜಿಯಾದ ಕ್ಯಾಥೊಲಿಕ್. ಅವರ 'ರೆವೆಲೇಶನ್' ಕತೆಯಲ್ಲಿ ಮಿಸೆಸ್ ಟರ್ಪಿನ್ ಡಾಕ್ಟರ ಕಾಯುವ ಕೋಣೆಯಲ್ಲಿ ಕೂತು ಬಣ್ಣ, ಆಸ್ತಿ, ಬಟ್ಟೆ ನೋಡಿ ಎಲ್ಲರನ್ನೂ ಮೇಲು ಕೀಳು ಅಂತ ಜೋಡಿಸುತ್ತಾಳೆ, ತನ್ನನ್ನು ಮೇಲಿಟ್ಟದ್ದಕ್ಕೆ ಯೇಸುವಿಗೆ ಥ್ಯಾಂಕ್ಸ್ ಹೇಳುತ್ತಾಳೆ. ಕಾಲೇಜು ಹುಡುಗಿಯೊಬ್ಬಳು ಪುಸ್ತಕ ಎಸೆದು ಅವಳ ಮುಖಕ್ಕೆ ಹೊಡೆಯುತ್ತಾಳೆ. ಸಂಜೆ ಹಂದಿದೊಡ್ಡಿಯ ಬಳಿ ಅವಳಿಗೆ ಕಾಣುವ ಸ್ವರ್ಗದ ಮೆರವಣಿಗೆಯಲ್ಲಿ ಅವಳು ತುಚ್ಛವಾಗಿ ಕಂಡವರೆಲ್ಲ ಮುಂದೆ, ಅವಳಂಥವರು ಕಟ್ಟಕಡೆಗೆ.

ಇದನ್ನು ಬರೆದವರೇ ಖಾಸಗಿ ಪತ್ರಗಳಲ್ಲಿ ಜನಾಂಗೀಯ ತಿರಸ್ಕಾರದ ಮಾತು ಬರೆದಿದ್ದಾರೆ. ಕರಿಯ ಲೇಖಕ ಜೇಮ್ಸ್ ಬಾಲ್ಡ್ವಿನ್ ಅವರನ್ನು ಜಾರ್ಜಿಯಾದಲ್ಲಿ ಭೇಟಿಯಾಗಲು ಒಪ್ಪಲಿಲ್ಲ. 2020ರಲ್ಲಿ ಮೇರಿಲ್ಯಾಂಡ್‌ನ ಲೊಯೊಲಾ ವಿಶ್ವವಿದ್ಯಾಲಯ ಹಾಸ್ಟೆಲ್ ಕಟ್ಟಡಕ್ಕಿದ್ದ ಅವರ ಹೆಸರು ತೆಗೆಯಿತು. ಹೆಸರು ತೆಗೆದದ್ದರಲ್ಲಿ ನನಗೆ ತಪ್ಪು ಕಾಣಲ್ಲ. ಆದರೆ ಕತೆಯನ್ನೂ ಪಕ್ಕಕ್ಕಿಟ್ಟರೆ ನಷ್ಟ ನಮ್ಮದೇ, ಯಾಕಂದ್ರೆ ಪತ್ರ ಬರೆದ ಓಕಾನರ್ ಮೇಲೆ ಆ ಕತೆಯೇ ಕಠಿಣ ತೀರ್ಪು ಕೊಡುತ್ತೆ.

ಬಾಲ್ಡ್ವಿನ್ ಅವರನ್ನು ಈ ಪಟ್ಟಿಗೆ ಸೇರಿಸಬೇಕೇ? 14ನೇ ವಯಸ್ಸಿಗೆ ಬೋಧಕರಾಗಿ, ಮೂರು ವರ್ಷದಲ್ಲಿ ಚರ್ಚ್ ಬಿಟ್ಟವರು. 'ಗೋ ಟೆಲ್ ಇಟ್ ಆನ್ ದಿ ಮೌಂಟನ್' (1953) ಪೂರ್ತಿ ಚರ್ಚಿನ ಲಯದಲ್ಲೇ ಉಸಿರಾಡುತ್ತೆ. ನನ್ನ ಪ್ರಕಾರ ಸೇರಿಸಬೇಕು.

ಇತ್ತೀಚಿನವರಲ್ಲಿ ಮರಿಲಿನ್ ರಾಬಿನ್ಸನ್. 2005ರಲ್ಲಿ ಪುಲಿಟ್ಜರ್ ಪಡೆದ 'ಗಿಲಿಯಡ್', 1956ರಲ್ಲಿ ಅಯೋವಾದ ಒಬ್ಬ ಮುದಿ ಪಾದ್ರಿ ತನ್ನ ಪುಟ್ಟ ಮಗನಿಗೆ ಬರೆದಿಡುವ ಪತ್ರ. ಅವರ ತಾತ ಗುಲಾಮಗಿರಿಯ ವಿರುದ್ಧ ಬಂದೂಕು ಹಿಡಿದವರು. ಮೊಮ್ಮಗನ ಕಾಲಕ್ಕೆ ಊರಿನ ಕರಿಯರ ಚರ್ಚ್‌ಗೆ ಬೆಂಕಿ ಬಿದ್ದು ಅವರೆಲ್ಲ ಊರು ಬಿಟ್ಟಿದ್ದಾರೆ. ಪಾದ್ರಿ ಅದನ್ನು ಸಣ್ಣ ಸಂಗತಿಯಂತೆ ಹೇಳಿ ಮುಂದೆ ಹೋಗ್ತಾರೆ. ಕರಿಯ ಹೆಂಡತಿ, ಮಗನನ್ನು ಕರೆತಂದು ಇಲ್ಲಿ ಬಾಳಬಹುದಾ ಅಂತ ಗೆಳೆಯನ ಮಗ ಬಂದು ಕೇಳಿದಾಗ, ಒಳ್ಳೆಯವರಾದ ಆ ಪಾದ್ರಿ ಬಳಿ ಭರವಸೆ ಕೊಡುವ ಉತ್ತರವಿಲ್ಲ. ಲೇಖಕಿ ಬೈಯಲ್ಲ, ಭಾಷಣ ಮಾಡಲ್ಲ. ಆ ಬೆಂಕಿಯನ್ನು ನೆನಪಿಟ್ಟುಕೊಳ್ಳೋ ಕೆಲಸ ಓದುಗರಿಗೆ ಬಿಟ್ಟಿದ್ದಾರೆ.

ಹೊಸದಾಗಿ ಶುರು ಮಾಡುವವರು ನೇರ 'ರೆವೆಲೇಶನ್' ಕೈಗೆತ್ತಿಕೊಳ್ಳಿ, ಒಂದೇ ಕೂತಲ್ಲಿ ಮುಗಿಯುತ್ತೆ. ಗ್ರೀನ್‌ಗೆ ಒಂದು ವಾರ ಬೇಕು. 'ಗಿಲಿಯಡ್' ಮಾತ್ರ ಅವಸರದಲ್ಲಿ ಓದಬೇಡಿ, ಮೊದಲ ಐವತ್ತು ಪುಟದಲ್ಲಿ ಏನೂ ನಡೆಯಲ್ಲ ಅನ್ನಿಸುತ್ತೆ.