ಅಲೆಯೆದ್ದ ನೀರಿಗೆ ಎಂಥ ದೋಣಿ? ಗಾಳ ಹಿಡಿದು ಹೊರಟವರು ತಿಳಿಯಬೇಕಾದದ್ದು

ಚಿಕ್ಕಜಾಜೂರು: ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಿಂದ ಚಿತ್ರದುರ್ಗದ ಕಡೆಗೆ ಹಳಿ ಕವಲೊಡೆಯುವ ಈ ಜಂಕ್ಷನ್ ನಿಂತಿರುವುದು ಬಯಲುಸೀಮೆಯಲ್ಲಿ. ಹಾಗಿದ್ದೂ ದೊಡ್ಡ ನೀರು ಇಲ್ಲಿಗೆ ದೂರವಲ್ಲ. ಪಶ್ಚಿಮಕ್ಕೆ ಹೋದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಅಥವಾ ಶಾಂತಿಸಾಗರ. ಆಗ್ನೇಯಕ್ಕೆ ಹೊರಳಿದರೆ ಹೊಸದುರ್ಗ ತಾಲ್ಲೂಕನ್ನು ಹಾಯ್ದು ಹಿರಿಯೂರು ತಾಲ್ಲೂಕಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ರಜಾದಿನಗಳಲ್ಲಿ ಗಾಳದ ಕೋಲು ಹಿಡಿದು ನಗರಗಳಿಂದ ಬರುವ ಹವ್ಯಾಸಿಗಳು ದಡದಲ್ಲಿ ಕುಳಿತು ಬೇಸರವಾದ ಮೇಲೆ ಕೇಳುವ ಮೊದಲ ಪ್ರಶ್ನೆ ದೋಣಿಯದ್ದು. ಸ್ವಂತಕ್ಕೊಂದು ದೋಣಿ ಕೊಳ್ಳುವುದಾದರೆ ಎಂಥದ್ದು ಕೊಳ್ಳಬೇಕು? ಉತ್ತರ ನೀರಿಗಿಂತ ಹೆಚ್ಚಾಗಿ ಗಾಳಿಯನ್ನು ಅವಲಂಬಿಸಿದೆ.

ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ಪವನ ವಿದ್ಯುತ್ ಯಂತ್ರಗಳು ಸಾಲುಸಾಲಾಗಿ ನಿಂತಿರುವುದನ್ನು ಹೆದ್ದಾರಿಯಲ್ಲಿ ಸಂಚರಿಸಿದವರೆಲ್ಲ ಕಂಡಿದ್ದಾರೆ. ಆ ರೆಕ್ಕೆಗಳನ್ನು ತಿರುಗಿಸುವ ಗಾಳಿಯೇ ಕೆಳಗಿನ ಜಲಾಶಯದಲ್ಲಿ ಅಲೆಯನ್ನೂ ಎಬ್ಬಿಸುತ್ತದೆ. ಆಷಾಢ ಮಾಸದಲ್ಲಿ ನೈರುತ್ಯ ಮಾರುತ ಬಲಗೊಂಡಾಗ ಬೆಳಗಿನ ಹೊತ್ತು ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ವೇಳೆಗೆ ಬಿಳಿ ನೊರೆ ಕಾರತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯ ಮುನ್ನ ಬೀಸುವ ಬಿರುಗಾಳಿ ಇದಕ್ಕಿಂತಲೂ ಅಪಾಯಕಾರಿ. ಆಷಾಢದ ಗಾಳಿ ಹೇಳಿ ಬರುತ್ತದೆ, ಇದು ಹೇಳದೆ ಬರುತ್ತದೆ, ದಿಕ್ಕನ್ನೂ ಬದಲಿಸುತ್ತದೆ.

ಅಲೆಯ ಎತ್ತರವನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಗಾಳಿಯ ವೇಗ, ಅದು ಬೀಸುವ ಅವಧಿ ಹಾಗೂ ಅಡೆತಡೆಯಿಲ್ಲದೆ ನೀರಿನ ಮೇಲೆ ಅದು ಓಡುವ ದೂರ. ಈ ದೂರ ನಾಲ್ಕು ಪಟ್ಟು ಹೆಚ್ಚಿದರೆ ಅಲೆಯ ಎತ್ತರ ಸುಮಾರು ಎರಡು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಗಾಳಿ 5 ಕಿ.ಮೀ. ತೆರೆದ ನೀರಿನ ಮೇಲೆ ಬೀಸಿತೆನ್ನಿ. ಆಗ ಏಳುವ ಅಲೆಗಳು ಸುಮಾರು ಒಂದೂಕಾಲು ಅಡಿ ಎತ್ತರದವು; ನಡುನಡುವೆ ಬರುವ ದೊಡ್ಡವು ಎರಡು ಅಡಿಯನ್ನೂ ದಾಟಬಲ್ಲವು. ಸಮುದ್ರ ಕಂಡವರಿಗೆ ಇದು ಮಕ್ಕಳಾಟವೆನಿಸೀತು. ಆದರೆ ಸಮುದ್ರದ ಅಲೆ ಉದ್ದವಾಗಿ, ನಿಧಾನವಾಗಿ ದೋಣಿಯನ್ನೆತ್ತಿ ಇಳಿಸುತ್ತದೆ. ಜಲಾಶಯದ ಅಲೆ ಎರಡು ಎರಡೂವರೆ ಸೆಕೆಂಡಿಗೊಮ್ಮೆ ಬಡಿಯುತ್ತದೆ. ಒಂದರಿಂದ ಚೇತರಿಸಿಕೊಳ್ಳುವುದರೊಳಗೆ ಮುಂದಿನದು ಅಂಚಿನ ಮೇಲಿರುತ್ತದೆ.

ಇದರಲ್ಲಿಯೂ ಎರಡು ನೀರುಗಳ ಸ್ವಭಾವ ಬೇರೆ. ಸೂಳೆಕೆರೆ ವಿಶಾಲ, ಆದರೆ ಆಳ ಕಡಿಮೆ. ಆಳವಿಲ್ಲದ ನೀರಿನಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆ ಅಣೆಕಟ್ಟಿನ ಹಿಂದಿನ ನೀರಾದರೋ ಆಳವಾದುದು. ಗುಡ್ಡಗಳ ನಡುವಿನ ಕಣಿವೆಯಲ್ಲಿ ಗಾಳಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಇನ್ನೊಂದು ವಿಷಯವಿದೆ. 130 ಅಡಿ ಗರಿಷ್ಠ ಮಟ್ಟದ, 30 ಟಿಎಂಸಿ ಅಡಿ ಮೀರಿದ ಸಾಮರ್ಥ್ಯದ ಈ ಜಲಾಶಯ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಬಳಿಕ 2025ರ ಜನವರಿಯಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಇದೀಗ ಇಲ್ಲಿಗೆ ಸೇರುತ್ತದೆ. ದಶಕಗಳ ಕಾಲ ಒಣನೆಲವಾಗಿದ್ದ ಅಂಚುಗಳಲ್ಲಿ ನೀರು ನಿಂತಿದೆ ಎಂದರೆ ಜಾಲಿ, ತೆಂಗಿನ ಬೊಡ್ಡೆಗಳು, ಬೇಲಿಯ ಕಲ್ಲುಗಂಬಗಳು ನೀರಿನಡಿಯಲ್ಲಿ ಕಾದಿವೆ ಎಂದೇ ತಿಳಿಯಬೇಕು. ಹಳೆಯ ನಕಾಶೆಯನ್ನಾಗಲೀ ಹಳೆಯ ನೆನಪನ್ನಾಗಲೀ ನಂಬಿ ಯಂತ್ರದೋಣಿಯನ್ನು ವೇಗವಾಗಿ ದಡಕ್ಕೆ ನುಗ್ಗಿಸುವಂತಿಲ್ಲ.

ಹರಿಗೋಲಿನ ಶಕ್ತಿ, ಮಿತಿ

ದೋಣಿಯ ಮಾತೆತ್ತುವ ಮುನ್ನ ಹರಿಗೋಲನ್ನು ನೆನೆಯದಿದ್ದರೆ ಅನ್ಯಾಯವಾದೀತು. ನಮ್ಮ ಕಡೆಯ ಆಡುಮಾತಿನಲ್ಲಿ ಇದಕ್ಕೆ ತೆಪ್ಪವೆಂದೂ ಹೆಸರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಮಾತ್ರವಲ್ಲದೆ ಕುದುರೆ, ಎತ್ತುಗಳೂ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಬಿದಿರ ಸೀಳುಗಳ ಹೆಣಿಗೆ ಹಾಗೆಯೇ ಉಳಿದು ಚರ್ಮದ ಜಾಗಕ್ಕೆ ಟಾರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು. ಈಗ ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್ ಹರಿಗೋಲುಗಳು ಜಲಾಶಯಗಳ ದಡದಲ್ಲಿ ಬೋರಲು ಬಿದ್ದಿರುತ್ತವೆ. ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುವ ಕಸುಬಿನ ಮೀನುಗಾರನಿಗೆ ಇದಕ್ಕಿಂತ ಅಗ್ಗದ, ಹಗುರವಾದ, ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯಬಲ್ಲ ಸಾಧನ ಮತ್ತೊಂದಿಲ್ಲ.

ಅಲೆಯಲ್ಲಿ ಹರಿಗೋಲು ಮುಳುಗಿಯೇಬಿಡುತ್ತದೆಂಬುದು ನಗರದವರ ತಪ್ಪು ಕಲ್ಪನೆ. ಹಗುರವಾದ ದುಂಡು ಬುಟ್ಟಿ ಅಲೆಯನ್ನು ಸೀಳುವ ಬದಲು ಎಲೆಯಂತೆ ಅದರ ಮೇಲೇರಿ ಇಳಿಯುತ್ತದೆ. ತೊಂದರೆ ಇರುವುದು ಬೇರೆಡೆ. ಮೂತಿಯೂ ಇಲ್ಲ, ಬಾಲವೂ ಇಲ್ಲದ ಕಾರಣ ಒಂದೇ ಹುಟ್ಟಿನಿಂದ ಅದನ್ನು ಎದುರುಗಾಳಿಗೆ ನೇರವಾಗಿ ಒಯ್ಯುವುದು ಬಹು ಕಷ್ಟ. ಅದು ಗಿರಕಿ ಹೊಡೆಯುತ್ತದೆ, ಗಾಳಿ ತಳ್ಳಿದತ್ತ ಸಾಗುತ್ತದೆ. ಅಂಚಿನ ಎತ್ತರ ಒಂದು, ಒಂದೂವರೆ ಅಡಿಗೆ ಮೀರದು. ಮೂರು ಜನ ಕುಳಿತ ಮೇಲೆ ನೀರಿನಿಂದ ಮೇಲುಳಿಯುವುದು ಅದಕ್ಕೂ ಕಡಿಮೆ. ಮೇಲೆ ಹೇಳಿದ ಅಲೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಾನಾಗಿಯೇ ಸ್ಪಷ್ಟವಾಗುತ್ತದೆ. ಬಿದಿರಿನದು ನೀರು ತುಂಬಿದರೂ ಅಷ್ಟಿಷ್ಟು ತೇಲೀತು. ಒಳಗೆ ಗಾಳಿಯ ಕೋಶವಾಗಲೀ ನೊರೆತುಂಬು, ಅಂದರೆ ಫೋಮ್ ಆಗಲೀ ಇಲ್ಲದ ಫೈಬರ್ ಹರಿಗೋಲು ನೀರು ತುಂಬಿದೊಡನೆ ತಳ ಸೇರುತ್ತದೆ. ಹೊಸದಾಗಿ ಕೊಳ್ಳುವವರು ಮಾರುವವನನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಇದನ್ನು.

ಇತ್ತ ನಗರದ ಹವ್ಯಾಸಿಗಳ ಕಣ್ಣು ಬಿದ್ದಿರುವುದು ಅಮೆರಿಕದ ‘ಬಾಸ್ ಬೋಟ್’ ಮಾದರಿಯ ಮೇಲೆ. ಬಾಸ್ ಅಲ್ಲಿನ ಸರೋವರಗಳ ಬೇಟೆಮೀನು. ನಮ್ಮ ಜಲಾಶಯಗಳಲ್ಲಿ ಸಿಗುವುದು ಕಾಟ್ಲಾ, ರೋಹು, ಗೆಂಡೆ, ಕೊರವ, ಜಿಲೇಬಿ. ಮೀನಿನ ಮಾತು ಬಿಡಿ, ಆ ದೋಣಿಯ ವಿನ್ಯಾಸವೇ ಇಲ್ಲಿ ಯೋಚಿಸಬೇಕಾದದ್ದು. ನಿಂತು ಗಾಳ ಬೀಸಲು ಅನುಕೂಲವಾಗಲೆಂದು ಅದರ ಅಂಚು ತಗ್ಗಾಗಿಯೂ ಅಟ್ಟ ಎತ್ತರವಾಗಿಯೂ ಇರುತ್ತದೆ. 150ರಿಂದ 250 ಅಶ್ವಶಕ್ತಿಯ ಯಂತ್ರದೊಂದಿಗೆ ಅದು ಶಾಂತ ನೀರಿನಲ್ಲಿ ಬಾಣದಂತೆ ಚಿಮ್ಮುತ್ತದೆ. ಆದರೆ ಕಡಿದಾದ ಅಲೆಗಳ ನಡುವೆ ಅಜಾಗರೂಕತೆಯಿಂದ ವೇಗ ಇಳಿಸಿದರೆ ಮೂತಿ ಮುಂದಿನ ಅಲೆಯೊಳಕ್ಕೆ ಈಟಿಯಂತೆ ಹೊಕ್ಕು ಅಟ್ಟದ ತುಂಬ ನೀರಾಗುತ್ತದೆ. ಆ ದೇಶದಲ್ಲಿಯೂ ದೊಡ್ಡ ಸರೋವರಗಳಿಗೆ ಹೋಗುವವರು ಎತ್ತರದ ಅಂಚಿನ, ಆಳವಾದ ತಳದ ಬೇರೆಯೇ ದೋಣಿಯನ್ನು ಆರಿಸಿಕೊಳ್ಳುತ್ತಾರೆ.

ಅಳೆಯಬೇಕಾದದ್ದೇನು?

ಮೊದಲನೆಯದು ತಳ. ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಅಲುಗಾಡದು, ಒಂದಡಿ ನೀರಿನಲ್ಲೂ ಸಾಗುತ್ತದೆ; ಅಲೆಯಲ್ಲಿ ಮಾತ್ರ ಪ್ರತಿ ಏಟನ್ನೂ ನೇರವಾಗಿ ಕೂತವರ ಬೆನ್ನುಮೂಳೆಗೆ ತಲುಪಿಸುತ್ತದೆ. ‘ವಿ’ ಆಕಾರದ ತಳ ಅಲೆಯನ್ನು ಸೀಳುತ್ತದೆ. ಹಿಂತುದಿಯಲ್ಲಿ ತಳದ ಓರೆ 18ರಿಂದ 22 ಡಿಗ್ರಿ ಇದ್ದರೆ ಅದನ್ನು ಆಳ ‘ವಿ’ ಎನ್ನಬಹುದು. ಇದಕ್ಕೂ ಬೆಲೆ ತೆರಬೇಕು: ನಿಂತಲ್ಲಿ ಹೆಚ್ಚು ತೊನೆಯುತ್ತದೆ, ಹೆಚ್ಚು ಬಲದ ಯಂತ್ರ ಬೇಡುತ್ತದೆ, ಆಳವಿಲ್ಲದ ಅಂಚುಗಳಲ್ಲಿ ತಳ ತಾಗುತ್ತದೆ. ಸೂಳೆಕೆರೆ, ಮಾರಿಕಣಿವೆಗಳಂಥ ನೀರಿಗೆ ಮೂತಿ ಚೂಪಾಗಿ, ಹಿಂದಕ್ಕೆ ಹೋದಂತೆ ಚಪ್ಪಟೆಯಾಗುವ ಮಧ್ಯಮ ‘ವಿ’ ತಳವೇ ಲೇಸೆಂಬುದು ಈ ವರದಿಗಾರನ ಅಭಿಪ್ರಾಯ. ಮಧ್ಯಾಹ್ನದ ಗಾಳಿಯಲ್ಲಿ ಚಪ್ಪಟೆ ತಳದ ದೋಣಿಯಲ್ಲಿ ಒಮ್ಮೆ ಕುಳಿತು ಬಂದವನಿಗೆ ಎರಡು ದಿನ ಸೊಂಟ ನೋಯಿಸಿಕೊಂಡ ಅನುಭವದಿಂದ ಹೇಳುವ ಮಾತಿದು.

ಎರಡನೆಯದು, ತಳಕ್ಕಿಂತಲೂ ಮುಖ್ಯವಾದುದು, ನೀರಿನ ಮಟ್ಟದಿಂದ ದೋಣಿಯ ಅಂಚಿನವರೆಗಿನ ಎತ್ತರ. ಖಾಲಿ ದೋಣಿಯನ್ನು ದಡದಲ್ಲಿ ನೋಡಿ ಇದನ್ನು ನಿರ್ಧರಿಸುವಂತಿಲ್ಲ. ಜನ, ಯಂತ್ರ, ಇಂಧನ, ಮೀನಿನ ಪೆಟ್ಟಿಗೆ ಎಲ್ಲವನ್ನೂ ಹೇರಿ ನೀರಿಗಿಳಿಸಿ ಅಳೆಯಬೇಕು. ಹಿಂಬದಿಯ ಗೋಡೆಯನ್ನು ಎಲ್ಲರೂ ಮರೆಯುತ್ತಾರೆ. ಯಂತ್ರ ಕೂರಿಸುವ ಈ ಗೋಡೆ ಸಣ್ಣ ದೋಣಿಗಳಲ್ಲಿ 15 ಅಂಗುಲ ಅಥವಾ 20 ಅಂಗುಲದ್ದಿರುತ್ತದೆ. ಅಲೆಯ ನೀರಿಗೆ 20 ಅಂಗುಲದ್ದೇ ಬೇಕು, ಅದಕ್ಕೆ ತಕ್ಕ ಉದ್ದ ದಂಡದ ಯಂತ್ರವೂ ಬೇಕು. ಬೆನ್ನಟ್ಟಿ ಬರುವ ಅಲೆ ಒಳನುಗ್ಗುವುದು ಇಲ್ಲಿಂದಲೇ.

ಉದ್ದ 14ರಿಂದ 16 ಅಡಿ ಇದ್ದರೆ ಇಬ್ಬರು ಮೂವರಿಗೆ ಸಾಕು. ಎಷ್ಟು ಜನ ಹತ್ತಬಹುದೆಂಬುದಕ್ಕೆ ಅಮೆರಿಕದ ಕರಾವಳಿ ಕಾವಲು ಪಡೆ ಸಣ್ಣ ದೋಣಿಗಳಿಗೆ ಹೇಳುವ ಸರಳ ಲೆಕ್ಕವೊಂದಿದೆ: ಅಡಿಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸುವುದು. 14 ಅಡಿ ಉದ್ದ, 5 ಅಡಿ ಅಗಲವಾದರೆ ನಾಲ್ಕು ಮಂದಿ. ಇದೂ ಹವೆ ಚೆನ್ನಾಗಿರುವಾಗಿನ ಮಾತು; ಗಾಳಿಯಿದ್ದಾಗ ಒಬ್ಬರನ್ನು ದಡದಲ್ಲಿ ಬಿಡುವುದೇ ವಿವೇಕ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತಾಗ ಮಿತಿಮೀರಿ ಜನ ಹತ್ತಿದ್ದ ಸಂಗತಿಯೂ ಜೀವರಕ್ಷಕ ಜಾಕೆಟ್‌ಗಳ ಸಂಗತಿಯೂ ರಾಜ್ಯದಾದ್ಯಂತ ಚರ್ಚೆಗೆ ಬಂದದ್ದನ್ನು ಓದುಗರು ಮರೆತಿರಲಾರರು.

ಫೈಬರ್ ಒಳ್ಳೆಯದೋ ಅಲ್ಯೂಮಿನಿಯಂ ಒಳ್ಳೆಯದೋ ಎಂಬ ವಾದಕ್ಕೆ ಕೊನೆಯಿಲ್ಲ. ಫೈಬರ್ ತೂಕದ್ದು, ಆದ್ದರಿಂದ ಅಲೆಯಲ್ಲಿ ಮೃದುವಾಗಿ ಸಾಗುತ್ತದೆ, ಗಾಳಿಗೆ ಸುಲಭವಾಗಿ ಜಗ್ಗದು. ಮುಳುಗಿದ ಕಲ್ಲಿಗೆ ಬಡಿದರೆ ಬಿರಿಯುತ್ತದೆ. ಅಲ್ಯೂಮಿನಿಯಂ ಬಡಿದಲ್ಲಿ ತಗ್ಗಾಗುತ್ತದೆಯೇ ಹೊರತು ಬೇಗ ಒಡೆಯದು. ಆದರೆ ಹಗುರವಾದ್ದರಿಂದ ಗಾಳಿ ಆಡಿಸಿದಂತೆ ಆಡುತ್ತದೆ, ವರ್ಷಗಳು ಕಳೆದಂತೆ ರಿವೆಟ್‌ಗಳು ಸಡಿಲಗೊಂಡು ನೀರು ಜಿನುಗುತ್ತದೆ. ಫೈಬರ್ ರಿಪೇರಿ ಮಾಡುವವರು ನಮ್ಮಲ್ಲಿ ಸುಲಭವಾಗಿ ಸಿಗುತ್ತಾರೆಂಬುದು ಅದರ ಪರವಾದ ಬಲವಾದ ಕಾರಣ. ಗಾಳಿ ತುಂಬುವ ರಬ್ಬರ್ ದೋಣಿಗಳು ತೇಲುವುದರಲ್ಲಿ ಯಾವುದಕ್ಕೂ ಕಡಿಮೆಯಲ್ಲ, ಆದರೆ ಜಾಲಿಮುಳ್ಳಿನ ಈ ಸೀಮೆಗೆ ಅವು ತಕ್ಕವಲ್ಲ.

ಹಳೆಯ ಫೈಬರ್ ದೋಣಿ ಕೊಳ್ಳುವವರು ನಾಣ್ಯವೊಂದರಿಂದ ತಳವನ್ನೆಲ್ಲ ತಟ್ಟಿ ನೋಡುವುದೊಳಿತು. ಗಟ್ಟಿ ಭಾಗ ಟಣ್ ಎನ್ನುತ್ತದೆ. ಪದರ ಬಿಟ್ಟುಕೊಂಡಿದ್ದರೆ ಮಂದವಾದ ಸದ್ದು. ಯಂತ್ರದ ಕೆಳದಂಡವನ್ನು ಹಿಡಿದು ಬಲವಾಗಿ ಮೇಲೆ ಕೆಳಗೆ ಒತ್ತಿದಾಗ ಹಿಂಗೋಡೆ ಕದಲಿದರೆ ಅದರೊಳಗಿನ ಪ್ಲೈವುಡ್ ಕೊಳೆತಿದೆ ಎಂದರ್ಥ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಯಂತ್ರ ಕೈಕೊಟ್ಟಾಗ

ದೋಣಿ ಎಷ್ಟೇ ಉತ್ತಮವಾಗಿರಲಿ, ಯಂತ್ರ ನಿಂತ ಕ್ಷಣದಲ್ಲಿ ಅದು ತಾನಾಗಿ ಅಲೆಗೆ ಅಡ್ಡ ತಿರುಗುತ್ತದೆ. ಮಗುಚುವುದು ಆಗಲೇ. ಆದ್ದರಿಂದ ಮೂತಿಗೆ ಕಟ್ಟಿದ ಲಂಗರು, ಸಾಕಷ್ಟು ಹಗ್ಗ, ಒಂದು ಜೊತೆ ಹುಟ್ಟು ಸದಾ ದೋಣಿಯಲ್ಲಿರಬೇಕು. ಹಿಂಬದಿಗೆ ಲಂಗರು ಕಟ್ಟುವುದು ಆತ್ಮಹತ್ಯೆಗೆ ಸಮಾನ; ಯಂತ್ರದ ಭಾರಕ್ಕೆ ಮೊದಲೇ ತಗ್ಗಿರುವ ಭಾಗವನ್ನು ಹಗ್ಗ ಇನ್ನಷ್ಟು ಕೆಳಗೆಳೆಯುತ್ತದೆ. ಲಂಗರು ಕಚ್ಚಿ ಹಿಡಿಯಲು ನೀರಿನ ಆಳದ ಏಳು ಪಟ್ಟು ಹಗ್ಗ ಬೇಕೆನ್ನುತ್ತಾರೆ. ಅರವತ್ತು ಅಡಿ ಆಳದಲ್ಲಿ ಅದು ನಡೆಯದ ಮಾತು. ಅಂಥಲ್ಲಿ ಗಟ್ಟಿ ಹಿಡಿಯ ಬಕೆಟ್ಟೊಂದನ್ನು ಹಗ್ಗಕ್ಕೆ ಕಟ್ಟಿ ಮೂತಿಯಿಂದ ನೀರಿಗೆ ಬಿಟ್ಟರೂ ಸಾಕು, ಅದರ ಜಗ್ಗುವಿಕೆಗೆ ಮೂತಿ ಅಲೆಯ ಕಡೆಗೇ ಉಳಿಯುತ್ತದೆ. ಅದೇ ಬಕೆಟ್ಟು ಒಳಬಂದ ನೀರು ಮೊಗೆಯಲಿಕ್ಕೂ ಆದೀತು.

ಯಂತ್ರ ಓಡುತ್ತಿದ್ದಾಗ ಎದುರಲೆಯನ್ನು ನೇರವಾಗಿ ಗುದ್ದದೆ ತುಸು ಓರೆಯಾಗಿ, ನಿಧಾನವಾಗಿ ಹಾಯಬೇಕು. ಹಿಂದಿನಿಂದ ಅಲೆ ಬರುವಾಗ ಮೂತಿಯನ್ನು ಎತ್ತಿ ಹಿಡಿಯುವಂತೆ ಭಾರವನ್ನು ಹಿಂದಕ್ಕೆ ಸರಿಸಬೇಕು. ಚಾಲಕ ನೀರಿಗೆ ಬಿದ್ದರೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡುವ ಸುರಕ್ಷಾ ದಾರವನ್ನು ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿಕೊಳ್ಳಬೇಕು. ಜಾಕೆಟ್ ಸೀಟಿನಡಿ ಇದ್ದರೆ ಇಲ್ಲದಂತೆಯೇ, ತೊಟ್ಟಿರಬೇಕು. ಹರಿಗೋಲಿನಲ್ಲಿ ಹೋಗುವವರಿಗೂ ಇದು ಅನ್ವಯ. ಅಲ್ಲಿ ನಡುವೆ ನೆಲಕ್ಕೆ ಕುಳಿತಿರಬೇಕು. ಮೀನು ಕಚ್ಚಿತೆಂದು ಎಲ್ಲರೂ ಒಂದೇ ಅಂಚಿಗೆ ಬಾಗಿದರೆ ಅಲೆಯ ಅಗತ್ಯವೇ ಇಲ್ಲ.

ಕಾನೂನಿನ ಕಡೆಯೂ ಗಮನವಿರಲಿ. 1917ರ ಹಳೆಯ ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯ ಪ್ರಕಾರ ಯಂತ್ರಚಾಲಿತ ದೋಣಿಗೆ ನೋಂದಣಿ ಬೇಕು. ಜಲಾಶಯಗಳ ಮೀನುಗಾರಿಕೆ ಹಕ್ಕು ಗುತ್ತಿಗೆ ಅಥವಾ ಪರವಾನಗಿಗೆ ಒಳಪಟ್ಟಿರುವುದರಿಂದ ಗಾಳ ಹಾಕುವ ಮುನ್ನ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ಅಣೆಕಟ್ಟಿನ ಸಮೀಪದ ನೀರಿಗೆ ದೋಣಿ ಇಳಿಸಲು ನೀರಾವರಿ ಅಧಿಕಾರಿಗಳ ಒಪ್ಪಿಗೆಯೂ ಬೇಕಾಗುತ್ತದೆ. ಕಸುಬಿನ ಮೀನುಗಾರರಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನದ ಮಾದರಿ ರೂಪಿಸಲಾಯಿತು. ಹವ್ಯಾಸಿಗಳಿಗೆ ಅದು ಸಲ್ಲದು.

ಕೊನೆಯದಾಗಿ ಸಾಗಣೆಯ ವಿಚಾರ. ಇಲ್ಲಿನ ದಡಗಳಲ್ಲಿ ಕಾಂಕ್ರೀಟಿನ ಇಳಿಜಾರನ್ನು ನಿರೀಕ್ಷಿಸುವಂತಿಲ್ಲ. ನೀರು ಇಳಿದಾಗ ದಡಕ್ಕೂ ನೀರಿಗೂ ನಡುವೆ ಕೆಸರಿನ ಬಯಲು ಬಿದ್ದುಕೊಳ್ಳುತ್ತದೆ. ಯಂತ್ರಸಹಿತ ಎರಡು ಕ್ವಿಂಟಲ್ ಮೀರಿದ ದೋಣಿಯನ್ನು ಅದರ ಮೇಲೆ ಎಳೆಯಲು ನಾಲ್ಕಾಳು ಸಾಲದು. ಆದ್ದರಿಂದ ಹಣ ಕೊಡುವ ಮುನ್ನ ಬೇಸಿಗೆಯಲ್ಲೊಮ್ಮೆ, ಆಷಾಢದಲ್ಲೊಮ್ಮೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆ ದಡಕ್ಕೆ ಬರಿಗೈಯಲ್ಲಿ ಹೋಗಿ ನಿಂತು ನೋಡಿ ಬರುವುದು ಮೇಲು.