ವಿದ್ಯುನ್ಮಾನ ಆರೋಗ್ಯ ದಾಖಲೆಗಳಲ್ಲಿ ಕೃತಕ ಬುದ್ಧಿಮತ್ತೆ ಮತ್ತು ವಿನಿಮಯ ಮಾನಕಗಳು

ವಿದ್ಯುನ್ಮಾನ ಆರೋಗ್ಯ ದಾಖಲೆ ಎಂಬುದು ಒಬ್ಬ ವ್ಯಕ್ತಿಯ ರೋಗಚರಿತ್ರೆ, ವೈದ್ಯರ ಟಿಪ್ಪಣಿ, ಪ್ರಯೋಗಾಲಯದ ಫಲಿತಾಂಶ, ಔಷಧಿ ಚೀಟಿ, ಲಸಿಕೆಯ ವಿವರ ಮೊದಲಾದವುಗಳನ್ನು ಗಣಕಯಂತ್ರದಲ್ಲಿ ಕಾಪಿಡುವ ವ್ಯವಸ್ಥೆಯಾಗಿದೆ. ಈ ದಾಖಲೆಗಳನ್ನು ಓದಿ ಅಪಾಯವನ್ನು ಮುಂಚಿತವಾಗಿ ಸೂಚಿಸುವುದು, ಟಿಪ್ಪಣಿ ಬರೆಯುವುದು, ರೋಗಗಳಿಗೆ ಸಂಕೇತ ನೀಡುವುದು ಮುಂತಾದ ಕೆಲಸಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಗೆ ವಹಿಸುವ ಪ್ರಯತ್ನಗಳು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿವೆ. ಆದರೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಆಸ್ಪತ್ರೆಯ ಗಣಕವಾಗಲಿ, ಹೊರಗಿನ ತಂತ್ರಾಂಶವಾಗಲಿ ಅರ್ಥಮಾಡಿಕೊಳ್ಳಬೇಕಾದರೆ ಎರಡಕ್ಕೂ ಸಮಾನವಾದ ಭಾಷೆಯೊಂದು ಬೇಕು. ಅಂತಹ ಭಾಷೆಯನ್ನು ಒದಗಿಸುವ ನಿಯಮಾವಳಿಗಳಿಗೆ ವಿನಿಮಯ ಮಾನಕಗಳು ಎಂದು ಹೆಸರು. ಇವುಗಳಲ್ಲಿ ಇಂದು ಪ್ರಮುಖವಾದುದು ಎಚ್‌ಎಲ್‌7 ಸಂಸ್ಥೆಯ ಫೈರ್ ಮಾನಕ.

ಹಿನ್ನೆಲೆ

ವೈದ್ಯರನ್ನು ಬದಲಾಯಿಸಿದಾಗಲೆಲ್ಲ ರೋಗಿಯು ಹಳೆಯ ಚೀಟಿ, ಎಕ್ಸ್‌ರೇ ಹಾಳೆ, ರಕ್ತಪರೀಕ್ಷೆಯ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ಆಸ್ಪತ್ರೆಗಳು ಗಣಕೀಕರಣಗೊಂಡ ಮೇಲೂ ಈ ಚೀಲ ಮಾಯವಾಗಲಿಲ್ಲ. ಪ್ರತಿಯೊಂದು ಆಸ್ಪತ್ರೆಯೂ ತನ್ನದೇ ತಂತ್ರಾಂಶವನ್ನು, ತನ್ನದೇ ವಿಂಗಡಣೆಯನ್ನು ಬಳಸಿದುದೇ ಇದಕ್ಕೆ ಕಾರಣ. ಒಂದು ಪ್ರಯೋಗಾಲಯವು ಹಿಮೋಗ್ಲೋಬಿನ್ ಎಂದು ಪೂರ್ಣವಾಗಿ ಬರೆದರೆ ಇನ್ನೊಂದು ಎಚ್‌ಬಿ ಎಂದೂ ಮತ್ತೊಂದು ಎಚ್‌ಜಿಬಿ ಎಂದೂ ಬರೆಯುತ್ತದೆ. ಮನುಷ್ಯರಿಗೆ ಇದು ತೊಡಕಲ್ಲ, ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಸಂಗತಿಗಳು. ಮಾನಗಳ ವ್ಯತ್ಯಾಸ ಇನ್ನೂ ಅಪಾಯಕಾರಿ. ರಕ್ತದ ಸಕ್ಕರೆಯನ್ನು ಭಾರತ ಮತ್ತು ಅಮೆರಿಕಗಳಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆದರೆ ಬ್ರಿಟನ್ನಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ. ಇಲ್ಲಿಯ 180 ಅಲ್ಲಿಯ 10ಕ್ಕೆ ಸಮ. ಮಾನವನ್ನು ನಮೂದಿಸದೆ ಬರಿಯ ಅಂಕಿಯನ್ನು ರವಾನಿಸಿದರೆ ಅದನ್ನು ಓದುವ ತಂತ್ರಾಂಶವು ಎಷ್ಟೇ ಜಾಣವಾಗಿದ್ದರೂ ತಪ್ಪು ತೀರ್ಮಾನಕ್ಕೆ ಬರುವುದು ಸಹಜ.

ದಾಖಲೆಗಳು ಗಣಕಕ್ಕೆ ಬಂದುದರಿಂದ ವೈದ್ಯರ ಹೊರೆ ಇಳಿಯಿತೆಂದು ಹೇಳಲಾಗದು. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ವೈದ್ಯರು ರೋಗಿಯೊಡನೆ ನೇರವಾಗಿ ಕಳೆಯುವ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆಗಳನ್ನು ದಾಖಲೆ ಮತ್ತು ಮೇಜಿನ ಕೆಲಸಕ್ಕೆ ವ್ಯಯಿಸುತ್ತಾರೆಂದು ತೋರಿಸಿತು. ಕೃತಕ ಬುದ್ಧಿಮತ್ತೆಯನ್ನು ದಾಖಲೆಗಳಿಗೆ ಜೋಡಿಸಬೇಕೆಂಬ ಒತ್ತಾಯದ ಹಿಂದೆ ಈ ದಣಿವೂ ಇದೆ.

ಮಾನಕಗಳ ಬೆಳವಣಿಗೆ

ಎಚ್‌ಎಲ್‌7 ಸಂಸ್ಥೆಯು 1987ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಯಿತು. ಹೆಲ್ತ್ ಲೆವೆಲ್ ಸೆವೆನ್ ಎಂಬುದು ಅದರ ವಿಸ್ತೃತ ರೂಪ. ಗಣಕಜಾಲಗಳ ಸಂವಹನವನ್ನು ಏಳು ಸ್ತರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳನೆಯ ಸ್ತರವನ್ನು, ಅಂದರೆ ಅನ್ವಯ ಸ್ತರವನ್ನು, ಈ ಹೆಸರು ಸೂಚಿಸುತ್ತದೆ. ಸಂಸ್ಥೆಯ ಎರಡನೆಯ ಆವೃತ್ತಿಯ ಮಾನಕದಲ್ಲಿ ಮಾಹಿತಿಯನ್ನು ಲಂಬ ಗೆರೆಗಳಿಂದ ಬೇರ್ಪಡಿಸಿದ ಸಾಲುಗಳಾಗಿ ಕಳುಹಿಸಲಾಗುತ್ತದೆ. ಹಳೆಯದಾದರೂ ಇದು ಇಂದಿಗೂ ಜಗತ್ತಿನ ಅಸಂಖ್ಯ ಆಸ್ಪತ್ರೆಗಳ ಒಳಗೆ ದಿನನಿತ್ಯ ದುಡಿಯುತ್ತಿದೆ. ಆ ಬಳಿಕ ಬಂದ ಮೂರನೆಯ ಆವೃತ್ತಿಯು ಶಾಸ್ತ್ರೀಯವಾಗಿ ಅಚ್ಚುಕಟ್ಟಾಗಿದ್ದರೂ ಬಳಕೆಗೆ ಕ್ಲಿಷ್ಟವೆನಿಸಿ ವ್ಯಾಪಕವಾಗಿ ಹಬ್ಬಲಿಲ್ಲ. ಅದರ ಭಾಗವಾಗಿ ಬೆಳೆದ ಸಿಡಿಎ ಎಂಬ ದಸ್ತಾವೇಜು ಮಾನಕ ಮಾತ್ರ ಉಳಿದುಕೊಂಡಿತು.

2011ರಲ್ಲಿ ಆಸ್ಟ್ರೇಲಿಯದ ಗ್ರಹಾಂ ಗ್ರೀವ್ ಅವರು ಹೊಸ ಹಾದಿಯೊಂದನ್ನು ಸೂಚಿಸಿದರು. ಅಂತರಜಾಲದ ಸಾಮಾನ್ಯ ತಾಣಗಳು ಮಾಹಿತಿಯನ್ನು ಹೇಗೆ ಕೊಟ್ಟು ತೆಗೆದುಕೊಳ್ಳುತ್ತವೆಯೋ ಹಾಗೆಯೇ ಆರೋಗ್ಯ ಮಾಹಿತಿಯನ್ನೂ ವಿನಿಮಯ ಮಾಡಿಕೊಳ್ಳಬಹುದೆಂಬುದು ಅವರ ವಿಚಾರ. ಇದೇ ಮುಂದೆ ಫಾಸ್ಟ್ ಹೆಲ್ತ್‌ಕೇರ್ ಇಂಟರ್‌ಆಪರೇಬಿಲಿಟಿ ರಿಸೋರ್ಸಸ್, ಸಂಕ್ಷಿಪ್ತವಾಗಿ ಫೈರ್, ಎಂಬ ಹೆಸರು ಪಡೆಯಿತು. ಇದರ ಉಚ್ಚಾರಣೆ ಬೆಂಕಿಯ ಇಂಗ್ಲಿಷ್ ಪದದಂತೆಯೇ ಇರುವುದರಿಂದ ಲಾಂಛನವೂ ಒಂದು ಜ್ವಾಲೆ. ಮೊದಲ ಪ್ರಾಯೋಗಿಕ ಆವೃತ್ತಿಯು 2014ರಲ್ಲಿ ಹೊರಬಂದಿತು. 2018ರ ಡಿಸೆಂಬರಿನಲ್ಲಿ ಪೂರ್ಣಗೊಂಡ ನಾಲ್ಕನೆಯ ಆವೃತ್ತಿಯಲ್ಲಿ ಮೊದಲ ಬಾರಿಗೆ ಕೆಲವು ಭಾಗಗಳನ್ನು ಸ್ಥಿರವೆಂದು ಘೋಷಿಸಲಾಯಿತು. ಭಾರತವೂ ಸೇರಿದಂತೆ ಅನೇಕ ದೇಶಗಳು ಇದನ್ನೇ ಅನುಸರಿಸುತ್ತಿವೆ. ಐದನೆಯ ಆವೃತ್ತಿಯು 2023ರಲ್ಲಿ ಪ್ರಕಟವಾಯಿತು.

ಫೈರ್‌ನ ರಚನೆ

ಫೈರ್ ಮಾನಕವು ಆರೋಗ್ಯ ಮಾಹಿತಿಯನ್ನು ಸಂಪನ್ಮೂಲಗಳೆಂಬ ಚಿಕ್ಕ ಘಟಕಗಳಾಗಿ ಒಡೆಯುತ್ತದೆ. ರೋಗಿ, ವೀಕ್ಷಣೆ, ರೋಗಸ್ಥಿತಿ, ಔಷಧಿ ಕೋರಿಕೆ, ಭೇಟಿ, ಒಗ್ಗದಿಕೆ ಮುಂತಾಗಿ ಸುಮಾರು 150 ಬಗೆಯ ಸಂಪನ್ಮೂಲಗಳಿವೆ. ರಕ್ತದೊತ್ತಡದ ಒಂದು ಅಳತೆ ಒಂದು ವೀಕ್ಷಣೆ. ಅದು ಯಾವ ರೋಗಿಯದು, ಯಾವ ಭೇಟಿಯಲ್ಲಿ ತೆಗೆದದ್ದು, ಯಾರು ತೆಗೆದದ್ದು ಎಂಬುದನ್ನು ಇತರ ಸಂಪನ್ಮೂಲಗಳಿಗೆ ನೀಡಿದ ಕೊಂಡಿಗಳು ತಿಳಿಸುತ್ತವೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಬರೆಯಬೇಕು. ಮಾರ್ಚ್ 4ನ್ನು ಏಪ್ರಿಲ್ 3 ಎಂದು ಓದುವ ಗೊಂದಲಕ್ಕೆ ಇಲ್ಲಿ ಎಡೆಯಿಲ್ಲ. ಮಾಹಿತಿಯು ಜೇಸನ್ ಅಥವಾ ಎಕ್ಸ್‌ಎಂಎಲ್ ರೂಪದಲ್ಲಿರುವುದರಿಂದ ಸಾಮಾನ್ಯ ತಂತ್ರಾಂಶ ತಜ್ಞರಿಗೂ ಪರಿಚಿತವಾಗಿದೆ.

ಬಹುಪಾಲು ವ್ಯವಸ್ಥೆಗಳಿಗೆ ಬೇಕಾಗುವ ಅಂಶಗಳನ್ನು ಮಾತ್ರ ಮೂಲ ಮಾನಕದಲ್ಲಿಟ್ಟು, ಉಳಿದವುಗಳನ್ನು ವಿಸ್ತರಣೆಗಳ ಮೂಲಕ ಸೇರಿಸಿಕೊಳ್ಳಲು ಬಿಟ್ಟಿರುವುದು ಫೈರ್‌ನ ಹೆಚ್ಚುಗಾರಿಕೆಯೂ ಹೌದು, ದೌರ್ಬಲ್ಯವೂ ಹೌದು. ಪ್ರತಿಯೊಂದು ದೇಶವೂ ತನ್ನ ಅಗತ್ಯಕ್ಕೆ ತಕ್ಕ ರೂಪುರೇಷೆಯನ್ನು ರಚಿಸಿಕೊಳ್ಳುತ್ತದೆ. ಆದ್ದರಿಂದ ಎರಡು ಆಸ್ಪತ್ರೆಗಳು ಫೈರ್ ಬಳಸುತ್ತವೆ ಎಂದ ಮಾತ್ರಕ್ಕೆ ಅವು ಪರಸ್ಪರ ಪೂರ್ಣವಾಗಿ ಅರ್ಥಮಾಡಿಕೊಳ್ಳುತ್ತವೆ ಎನ್ನುವಂತಿಲ್ಲ.

ಸಂಕೇತಕೋಶಗಳು

ಫೈರ್ ವ್ಯಾಕರಣವಾದರೆ ಅದಕ್ಕೆ ಪದಗಳನ್ನು ಒದಗಿಸುವುದು ಸಂಕೇತಕೋಶಗಳು. ಪ್ರಯೋಗಾಲಯದ ಪರೀಕ್ಷೆಗಳಿಗಾಗಿ ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆಯು 1994ರಲ್ಲಿ ಲೋಯಿಂಕ್ ಎಂಬ ಕೋಶವನ್ನು ಆರಂಭಿಸಿತು. ರಕ್ತದಲ್ಲಿನ ಹಿಮೋಗ್ಲೋಬಿನ್ ಪ್ರಮಾಣಕ್ಕೆ ಅದರಲ್ಲಿ 718-7 ಎಂಬ ಸಂಕೇತವಿದೆ. ಪ್ರಯೋಗಾಲಯವು ಯಾವ ಹೆಸರಿನಿಂದ ಕರೆದರೂ ಈ ಸಂಖ್ಯೆ ಜೊತೆಗಿದ್ದರೆ ಯಂತ್ರಕ್ಕೆ ಸಂದೇಹ ಉಳಿಯುವುದಿಲ್ಲ. ರೋಗ, ಲಕ್ಷಣ, ಚಿಕಿತ್ಸೆಗಳಿಗಾಗಿ 3,50,000ಕ್ಕೂ ಹೆಚ್ಚು ಪರಿಕಲ್ಪನೆಗಳಿರುವ ಸ್ನೋಮೆಡ್ ಸಿಟಿ ಇದೆ. ಭಾರತವು 2014ರಿಂದ ಇದರ ಸದಸ್ಯ ರಾಷ್ಟ್ರ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ರೋಗ ವರ್ಗೀಕರಣವು ಅಂಕಿಅಂಶ ಮತ್ತು ವಿಮೆಗಳಿಗೆ ಹೆಚ್ಚಾಗಿ ಬಳಕೆಯಾಗುತ್ತದೆ.

ಕೃತಕ ಬುದ್ಧಿಮತ್ತೆಯ ಜೋಡಣೆ

ಹೊರಗಿನ ತಂತ್ರಾಂಶವೊಂದು ದಾಖಲೆಯ ಒಳಕ್ಕೆ ಬರಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು, ಸ್ಮಾರ್ಟ್ ಆನ್ ಫೈರ್. ಬಾಸ್ಟನ್ ಮಕ್ಕಳ ಆಸ್ಪತ್ರೆ ಮತ್ತು ಹಾರ್ವರ್ಡ್ ವೈದ್ಯಕೀಯ ಶಾಲೆಗಳಲ್ಲಿ ಕೆನೆತ್ ಮ್ಯಾಂಡ್ಲ್ ಮತ್ತು ಐಸಾಕ್ ಕೊಹಾನೆ ಅವರ ನೇತೃತ್ವದಲ್ಲಿ ಬೆಳೆದ ಈ ವಿಧಾನವು, ಯಾವ ತಂತ್ರಾಂಶ ಯಾವ ರೋಗಿಯ ಯಾವ ಮಾಹಿತಿಯನ್ನು ಓದಬಹುದು ಎಂಬ ಅನುಮತಿಯನ್ನು ನಿಯಂತ್ರಿಸುತ್ತದೆ. ಇನ್ನೊಂದು, ಸಿಡಿಎಸ್ ಹುಕ್ಸ್. ವೈದ್ಯರು ರೋಗಿಯ ಪುಟವನ್ನು ತೆರೆದ ಕ್ಷಣದಲ್ಲಿ ಅಥವಾ ಔಷಧಿಯ ಆದೇಶಕ್ಕೆ ಸಹಿ ಹಾಕುವ ಕ್ಷಣದಲ್ಲಿ ದಾಖಲೆ ವ್ಯವಸ್ಥೆಯು ಹೊರಗಿನ ಸೇವೆಯನ್ನು ಕರೆಯುತ್ತದೆ. ಆ ಸೇವೆಯು ಒಂದು ಚಿಕ್ಕ ಕಾರ್ಡಿನ ರೂಪದಲ್ಲಿ ಸಲಹೆಯನ್ನು ಮರಳಿಸುತ್ತದೆ. ಸ್ವೀಕರಿಸುವುದೂ ಬಿಡುವುದೂ ವೈದ್ಯರಿಗೆ ಸೇರಿದ್ದು.

ಯಂತ್ರಕಲಿಕೆಯ ಮಾದರಿಯು ನೀಡಿದ ಅಂದಾಜನ್ನು ಮರಳಿ ದಾಖಲೆಗೆ ಸೇರಿಸುವಾಗ ಎಚ್ಚರ ಅಗತ್ಯ. ಫೈರ್‌ನಲ್ಲಿ ಅಪಾಯದ ಅಂದಾಜಿಗೆ ಪ್ರತ್ಯೇಕ ಸಂಪನ್ಮೂಲವಿದೆ. ಅದನ್ನು ಮನುಷ್ಯರು ಬರೆದರೋ ಯಂತ್ರ ಬರೆಯಿತೋ, ಯಾವ ಮಾಹಿತಿಯ ಆಧಾರದಿಂದ ಬರೆಯಿತು ಎಂಬುದನ್ನು ಮೂಲಸೂಚಿ ಎಂಬ ಇನ್ನೊಂದು ಸಂಪನ್ಮೂಲದಲ್ಲಿ ದಾಖಲಿಸಬಹುದು. ಈ ಗುರುತನ್ನು ಬಿಟ್ಟುಬಿಟ್ಟರೆ ಇಂದಿನ ಯಂತ್ರದ ಊಹೆಯು ನಾಳೆಯ ವೈದ್ಯರ ಕಣ್ಣಿಗೆ ಪರೀಕ್ಷಿಸಿ ಕಂಡ ಸತ್ಯದಂತೆ ತೋರುತ್ತದೆ. ಮತ್ತೊಂದು ಮಾದರಿಯನ್ನು ಕಲಿಸಲು ಅದೇ ದಾಖಲೆಯನ್ನು ಬಳಸಿದಾಗ ತಪ್ಪು ಇಮ್ಮಡಿಯಾಗುತ್ತದೆ.

ವೈದ್ಯರು ಮತ್ತು ರೋಗಿಯ ಸಂಭಾಷಣೆಯನ್ನು ಆಲಿಸಿ ಟಿಪ್ಪಣಿಯ ಕರಡನ್ನು ಸಿದ್ಧಪಡಿಸುವ ತಂತ್ರಾಂಶಗಳು ಇಂದು ಬೇಗನೆ ಹರಡುತ್ತಿವೆ. ವಿಮೆಯ ಪೂರ್ವಾನುಮತಿಯೂ ಇದೇ ದಾರಿಯಲ್ಲಿದೆ. ಅಮೆರಿಕದಲ್ಲಿ 2024ರ ನಿಯಮವೊಂದರ ಪ್ರಕಾರ ಸರ್ಕಾರಿ ಯೋಜನೆಗಳ ವ್ಯಾಪ್ತಿಯ ವಿಮಾದಾರರು 2027ರ ಹೊತ್ತಿಗೆ ಫೈರ್ ಆಧಾರಿತ ಪೂರ್ವಾನುಮತಿ ವ್ಯವಸ್ಥೆಯನ್ನು ಒದಗಿಸಬೇಕಾಗಿದೆ.

ತೊಡಕುಗಳು

ಮಾನಕವು ಮಾಹಿತಿಯನ್ನು ಸರಿಯಾಗಿ ತಲುಪಿಸಬಲ್ಲದು, ಆ ಮಾಹಿತಿಯ ಮೇಲೆ ಕಟ್ಟಿದ ಅಂದಾಜು ಸರಿಯೆಂದು ಖಾತರಿ ನೀಡಲಾರದು. ಇದಕ್ಕೆ ಎರಡು ನಿದರ್ಶನಗಳು ಪ್ರಸಿದ್ಧವಾಗಿವೆ.

ರಕ್ತದ ನಂಜನ್ನು, ಅಂದರೆ ಸೆಪ್ಸಿಸನ್ನು, ಮುಂಚಿತವಾಗಿ ಗುರುತಿಸಲು ಎಪಿಕ್ ಕಂಪನಿಯು ರೂಪಿಸಿದ ಮಾದರಿಯು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ತಮ್ಮ ಆಸ್ಪತ್ರೆಯ 38,455 ದಾಖಲಾತಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಂಜಿಗೆ ತುತ್ತಾದವರಲ್ಲಿ ಶೇಕಡಾ 67ರಷ್ಟು ಮಂದಿಯನ್ನು ಆ ಮಾದರಿಯು ಗುರುತಿಸಿರಲಿಲ್ಲ. ಹಾಗಿದ್ದೂ ಒಟ್ಟು ಒಳರೋಗಿಗಳಲ್ಲಿ ಶೇಕಡಾ 18ರಷ್ಟು ಮಂದಿಯ ವಿಷಯದಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಪದೇ ಪದೇ ಬರುವ ಸುಳ್ಳು ಎಚ್ಚರಿಕೆಗಳಿಂದ ಸಿಬ್ಬಂದಿ ಬೇಸತ್ತು ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುವುದನ್ನು ಎಚ್ಚರಿಕೆಯ ಆಯಾಸ ಎನ್ನುತ್ತಾರೆ. ತೋಳ ಬಂತು ತೋಳ ಎಂಬ ಕಥೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಎರಡನೆಯದು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಜಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರ ಅಧ್ಯಯನ. ಹೆಚ್ಚಿನ ಆರೈಕೆ ಯಾರಿಗೆ ಬೇಕು ಎಂಬುದನ್ನು ನಿರ್ಧರಿಸುವ ಅಲ್ಗಾರಿದಮ್ ಒಂದು ರೋಗದ ತೀವ್ರತೆಯ ಬದಲಿಗೆ ಹಿಂದೆ ಆದ ವೆಚ್ಚವನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಕಪ್ಪು ಜನಾಂಗದವರಿಗಾಗಿ ವೆಚ್ಚವಾಗುತ್ತಿದ್ದುದೇ ಕಡಮೆಯಾದ್ದರಿಂದ ಅವರು ಹೆಚ್ಚು ಅಸ್ವಸ್ಥರಾಗಿದ್ದರೂ ಅಂಕಗಳಲ್ಲಿ ಹಿಂದುಳಿದರು. ಈ ಓರೆಯನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವ ಕಪ್ಪು ರೋಗಿಗಳ ಪಾಲು ಶೇಕಡಾ 17.7ರಿಂದ 46.5ಕ್ಕೆ ಏರುತ್ತದೆಂದು ಸಂಶೋಧಕರು ಲೆಕ್ಕ ಹಾಕಿದರು. ಇಲ್ಲಿ ದಾಖಲೆಯ ಅಂಕಿಗಳು ತಪ್ಪಾಗಿರಲಿಲ್ಲ, ಅವುಗಳಿಗೆ ಕೇಳಿದ ಪ್ರಶ್ನೆ ತಪ್ಪಾಗಿತ್ತು.

ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳು ಆಡದ ಮಾತನ್ನು ಸೇರಿಸುವುದೂ ಕಂಡುಬಂದಿದೆ. ವಿಸ್ಪರ್ ಎಂಬ ಮಾದರಿಯನ್ನು ಕುರಿತ 2024ರ ಅಧ್ಯಯನವು ಸುಮಾರು ಶೇಕಡಾ 1ರಷ್ಟು ಧ್ವನಿತುಣುಕುಗಳಲ್ಲಿ ಇಂತಹ ಕಲ್ಪಿತ ವಾಕ್ಯಗಳನ್ನು ಗುರುತಿಸಿತು. ಔಷಧಿಯ ಹೆಸರು ಅಥವಾ ಪ್ರಮಾಣದ ವಿಷಯದಲ್ಲಿ ಇದು ಸಣ್ಣ ಪಾಲೆನಿಸುವುದಿಲ್ಲ.

ಕಾನೂನು ಮತ್ತು ಮಾರ್ಗಸೂಚಿಗಳು

ಅಮೆರಿಕವು 2016ರ 21ನೇ ಶತಮಾನದ ಕ್ಯೂರ್ಸ್ ಕಾಯಿದೆಯ ಮೂಲಕ ಮಾಹಿತಿಯನ್ನು ಅಕಾರಣವಾಗಿ ತಡೆಹಿಡಿಯುವುದನ್ನು ನಿಷೇಧಿಸಿತು. 2023ರ ಡಿಸೆಂಬರಿನಲ್ಲಿ ಅಂತಿಮಗೊಂಡ ಇನ್ನೊಂದು ನಿಯಮವು, ಪ್ರಮಾಣೀಕೃತ ದಾಖಲೆ ತಂತ್ರಾಂಶಗಳಲ್ಲಿರುವ ಮುನ್ಸೂಚನಾ ಮಾದರಿಗಳನ್ನು ಯಾವ ಮಾಹಿತಿಯಿಂದ ಕಲಿಸಲಾಗಿದೆ, ಹೇಗೆ ಪರೀಕ್ಷಿಸಲಾಗಿದೆ ಎಂಬ ವಿವರಗಳನ್ನು ಬಳಕೆದಾರರಿಗೆ ಲಭ್ಯವಾಗಿಸಬೇಕೆಂದು ವಿಧಿಸಿತು. ಯುರೋಪಿನ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯಿದೆಯು 2024ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2023ರಲ್ಲಿ ಈ ಕುರಿತು ನೈತಿಕ ಮಾರ್ಗಸೂಚಿಗಳನ್ನು ಹೊರಡಿಸಿದೆ. ಅದೇ ವರ್ಷ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆಯೂ ಅಂಗೀಕಾರವಾಯಿತು.

ಭಾರತದಲ್ಲಿ

ಕೇಂದ್ರ ಆರೋಗ್ಯ ಸಚಿವಾಲಯವು ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನಕಗಳನ್ನು 2013ರಲ್ಲಿ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತು. 2020ರ ಆಗಸ್ಟ್ 15ರಂದು ಘೋಷಣೆಯಾದ ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಅಭಿಯಾನವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಯಿತು. ಇದರಲ್ಲಿ ನಾಗರಿಕರು ಇಚ್ಛೆಯಿದ್ದರೆ 14 ಅಂಕಿಗಳ ಆಭಾ ಸಂಖ್ಯೆಯನ್ನು ಪಡೆಯಬಹುದು. ದಾಖಲೆಗಳೆಲ್ಲ ಒಂದೇ ಕೇಂದ್ರದಲ್ಲಿ ಶೇಖರವಾಗುವುದಿಲ್ಲ, ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತವೆ. ಬೇರೊಂದು ಆಸ್ಪತ್ರೆ ಕೇಳಿದಾಗ ಯಾವ ದಾಖಲೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಎಂಬುದನ್ನು ನಮೂದಿಸಿದ ಸಮ್ಮತಿಪತ್ರಕ್ಕೆ ರೋಗಿಯು ಮೊಬೈಲಿನಲ್ಲಿ ಒಪ್ಪಿಗೆ ನೀಡಬೇಕು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವು ಇದಕ್ಕಾಗಿ ಫೈರ್‌ನ ನಾಲ್ಕನೆಯ ಆವೃತ್ತಿಯನ್ನು ಆಧರಿಸಿ ಔಷಧಿ ಚೀಟಿ, ಪರೀಕ್ಷಾ ವರದಿ, ಹೊರರೋಗಿ ತಪಾಸಣೆ, ಡಿಸ್ಚಾರ್ಜ್ ಸಾರಾಂಶ, ಲಸಿಕೆ ಮುಂತಾದವುಗಳ ರೂಪುರೇಷೆಗಳನ್ನು ಸಿದ್ಧಪಡಿಸಿದೆ.

ಇವುಗಳ ಜೊತೆಗೆ ಕಾಗದದ ಛಾಯಾಚಿತ್ರವನ್ನೋ ಪಿಡಿಎಫ್ ಕಡತವನ್ನೋ ಹಾಗೆಯೇ ಲಗತ್ತಿಸಲು ಅವಕಾಶವಿದೆ. ಸಣ್ಣ ದವಾಖಾನೆಗಳಿಗೆ ಇದು ಅನಿವಾರ್ಯ ಸೌಕರ್ಯವೇ ಸರಿ. ಆದರೆ ಲಗತ್ತಿಸಿದ ಚಿತ್ರದೊಳಗಿನ ಹಿಮೋಗ್ಲೋಬಿನ್ ಅಂಕಿಗೆ ಸಂಕೇತವೂ ಇಲ್ಲ, ಮಾನವೂ ಇಲ್ಲ. ಮಾನಕದ ಲಕೋಟೆಯಲ್ಲಿ ಮಾನಕವಿಲ್ಲದ ಕಾಗದ ಸಾಗಿದಂತಾಗುತ್ತದೆ. ಇಂತಹ ಬರಹದಿಂದ ಸಂಕೇತಬದ್ಧ ಮಾಹಿತಿಯನ್ನು ಹೆಕ್ಕುವ ಕೆಲಸಕ್ಕೆ ಭಾಷಾ ಮಾದರಿಗಳನ್ನು ಬಳಸಬಹುದು. ಹೆಕ್ಕಿದುದನ್ನು ಮನುಷ್ಯರು ಮೂಲದೊಡನೆ ತಾಳೆ ನೋಡಲೇಬೇಕು.

ಹೆಸರು ಮತ್ತು ಭಾಷೆ

ದಾಖಲೆಗಳನ್ನು ಜೋಡಿಸುವಾಗ ಇವು ಒಬ್ಬರದೇ ಎಂದು ಗುರುತಿಸುವುದು ಮೊದಲ ಕೆಲಸ. ಕರ್ನಾಟಕದಲ್ಲಿ ಅನೇಕರಿಗೆ ಕುಟುಂಬನಾಮವಿಲ್ಲ, ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ಲುಗಳಿರುತ್ತವೆ. ಶ್ರೀನಿವಾಸ, ಲಕ್ಷ್ಮಮ್ಮ ಎಂಬ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅಕ್ಷರಗಳು ಒಂದೊಂದು ಕಚೇರಿಯಲ್ಲಿ ಒಂದೊಂದು ರೀತಿ. ಶಾಲೆಯ ಹಾಜರಿ ಪುಸ್ತಕ ಬರೆದ ಯಾರಿಗಾದರೂ ಇದು ಗೊತ್ತಿರುವ ಸಂಗತಿಯೇ. ಫೈರ್‌ನಲ್ಲಿ ಕುಟುಂಬನಾಮ ಕಡ್ಡಾಯವಲ್ಲ. ಪೂರ್ಣ ಹೆಸರನ್ನು ಒಂದೇ ಪಠ್ಯವಾಗಿಯೂ ಬರೆಯಬಹುದು, ಯೂನಿಕೋಡ್ ಆಧಾರಿತವಾದ್ದರಿಂದ ಕನ್ನಡ ಲಿಪಿಯಲ್ಲಿಯೂ ಬರೆಯಬಹುದು. ಆದರೆ ಆಸ್ಪತ್ರೆಯ ನೋಂದಣಿ ತಂತ್ರಾಂಶವು ಕೊನೆಯ ಹೆಸರನ್ನು ಕಡ್ಡಾಯ ಮಾಡಿದ್ದರೆ ಮೇಜಿನ ಹಿಂದಿರುವವರು ಇನಿಷಿಯಲ್ಲನ್ನೋ ಒಂದು ಚುಕ್ಕೆಯನ್ನೋ ತುಂಬಿ ಮುಂದೆ ಸಾಗುತ್ತಾರೆ. ಇಬ್ಬರ ದಾಖಲೆ ಒಂದಾಗುವುದೂ ಒಬ್ಬರ ದಾಖಲೆ ಎರಡಾಗುವುದೂ ಇಂತಹ ಕಡೆಗಳಲ್ಲೇ ಆರಂಭವಾಗುತ್ತದೆ.

ಸಂಭಾಷಣೆಯನ್ನು ಆಲಿಸಿ ಟಿಪ್ಪಣಿ ಬರೆಯುವ ತಂತ್ರಾಂಶಗಳಿಗೆ ಕನ್ನಡದಲ್ಲಿ ಇನ್ನೊಂದು ಬಗೆಯ ಪರೀಕ್ಷೆ ಎದುರಾಗುತ್ತದೆ. ರೋಗಿಯು ಸುಸ್ತು, ಸಂಕಟ, ಎದೆ ಹಿಡಿದಂತಾಗುತ್ತದೆ, ಕೈಕಾಲು ಜೋಮು ಎಂದು ಹೇಳಿದುದನ್ನು ಸ್ನೋಮೆಡ್‌ನ ಯಾವ ಪರಿಕಲ್ಪನೆಗೆ ಹೊಂದಿಸಬೇಕು ಎಂಬುದು ನಿಘಂಟು ನೋಡಿ ತೀರ್ಮಾನಿಸುವ ವಿಷಯವಲ್ಲ. ಸಂಕಟ ಎಂಬ ಒಂದೇ ಪದವನ್ನು ಒಬ್ಬರು ಹೊಟ್ಟೆಯ ತೊಳಸಿಗೂ ಮತ್ತೊಬ್ಬರು ಎದೆಯ ಬೇಗುದಿಗೂ ಇನ್ನೊಬ್ಬರು ಮನಸ್ಸಿನ ನೋವಿಗೂ ಬಳಸುತ್ತಾರೆ. ವೈದ್ಯರು ಮತ್ತೊಮ್ಮೆ ಕೇಳಿ ತಿಳಿದುಕೊಳ್ಳುತ್ತಾರೆ. ಆಲಿಸಿ ಬರೆಯುವ ಯಂತ್ರವು ಆ ಮರುಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಬಿಡದೆ ಬರೆದುಕೊಂಡರೆ ಮಾತ್ರ ಸಂಕೇತವು ರೋಗಿಯ ಮಾತಿಗೆ ಸರಿಹೊಂದುತ್ತದೆ.