ಶರಾವತಿ: ಮೆಣಸಿನ ನದಿ, ಬೆಳಕಿನ ನದಿ



ಜೋಗದ ಜಲಪಾತವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 253 ಮೀಟರ್ ಎತ್ತರದಿಂದ ನೀರು ಧುಮುಕುವ ಆ ದೃಶ್ಯದಾಚೆಗೆ, ಆ ನದಿಯ ಕಣಿವೆಗೊಂದು ಇತಿಹಾಸವಿದೆ. ಇಂದು ಅದನ್ನು ಪರಿಚಯ ಮಾಡಿಕೊಳ್ಳೋಣ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಭೂರಚನೆಯ ದೃಷ್ಟಿಯಿಂದ ಇದರ ಹರಿವನ್ನು ಮೂರು ಭಾಗ ಮಾಡಬಹುದು. ಜೋಗದ ಮೇಲೆ ಗುಡ್ಡಗಳ ನಡುವಿನ ಅಗಲವಾದ ಕಣಿವೆ. ಜೋಗದಿಂದ ಗೇರುಸೊಪ್ಪೆಯವರೆಗೆ ದಟ್ಟ ಕಾಡಿನ ಆಳವಾದ ಕಮರಿ. ಅಲ್ಲಿಂದ ಕಡಲಿನವರೆಗೆ ದೋಣಿ ಸಾಗಬಲ್ಲ ಶಾಂತ ಹೊಳೆ.

ಈ ಮೂರರಲ್ಲಿ ಮೊದಲು ಹೆಸರು ಮಾಡಿದ್ದು ಕೆಳಗಿನ ಭಾಗ. ಘಟ್ಟದ ಮಳೆ ಮತ್ತು ನೆರಳಿನಲ್ಲಿ ಕಾಳುಮೆಣಸು ಸಮೃದ್ಧವಾಗಿ ಬೆಳೆಯುತ್ತಿತ್ತು. ಹೊಳೆಯೇ ಅದನ್ನು ಬಂದರಿಗೆ ಸಾಗಿಸುವ ದಾರಿಯಾಗಿತ್ತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಆದರೆ 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಈ ಹೊಳೆಯಲ್ಲೇ ದೋಣಿಯೇರಿ ಗೇರುಸೊಪ್ಪೆಗೆ ಬಂದಾಗ, ಆ ನಗರ ಹಾಳುಬಿದ್ದು ಮರಗಿಡಗಳಿಂದ ಮುಚ್ಚಿಹೋಗಿತ್ತು. ಇಂದು ಅಲ್ಲಿ ಉಳಿದಿರುವ ಚತುರ್ಮುಖ ಬಸದಿ ಆ ವೈಭವದ ಸಾಕ್ಷಿ.

20ನೇ ಶತಮಾನದಲ್ಲಿ ಬೆಲೆ ಬಂದದ್ದು ನೀರು ಬೀಳುವ ಎತ್ತರಕ್ಕೆ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ, 1940ರ ದಶಕದ ಕೊನೆಯ ಹೊತ್ತಿಗೆ ಜೋಗದಲ್ಲಿ ವಿದ್ಯುತ್ ಉತ್ಪಾದಿಸಲಾಯಿತು. ಅದೂ ಸಾಲದಾದಾಗ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ಹಿನ್ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿತು! ಮಳೆ ಕಡಿಮೆಯಾದ ವರ್ಷಗಳ ಬೇಸಿಗೆಯಲ್ಲಿ ಅದು ಈಗಲೂ ತಲೆಯೆತ್ತಿ ನಿಲ್ಲುತ್ತದೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿನ ಎಷ್ಟೋ ಮನೆ, ಕಾರ್ಖಾನೆಗಳಿಗೆ ಬೆಳಕು ಬಂದದ್ದು ಇಲ್ಲಿಂದಲೇ.

ಇಲ್ಲಿ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಜೋಗದ ಮೇಲಿನ ಕಣಿವೆ ಅಗಲವಾಗಿದ್ದರಿಂದಲೇ ಅಲ್ಲಿ ಸುಮಾರು 151 ಟಿಎಂಸಿ ನೀರು ನಿಲ್ಲಿಸಲು ಸಾಧ್ಯವಾಯಿತು. ಅದೇ ಅಗಲದಿಂದಾಗಿ ಅಲ್ಲಿ ಭತ್ತದ ಗದ್ದೆ, ಅಡಿಕೆ ತೋಟ, ಊರುಗಳು ತುಂಬಿಕೊಂಡಿದ್ದವು. ಅಂದರೆ, ಬದುಕಿಗೆ ಅನುಕೂಲವಾದ ನೆಲವೇ ಜಲಾಶಯಕ್ಕೂ ಅನುಕೂಲವಾಯಿತು. ಸಾವಿರಾರು ಕುಟುಂಬಗಳು ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಹೊರಟವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಹಿನ್ನೀರಿನಾಚೆಯ ಊರುಗಳವರು ದಶಕಗಳ ಕಾಲ ಲಾಂಚನ್ನೇ ನಂಬಿ ಬದುಕಿದರು. ಸಿಗಂದೂರಿನ ಸೇತುವೆ ತೆರೆದದ್ದು 2025ರಲ್ಲಿ.

ನದಿಯೊಂದರ ಸಂಪತ್ತು ಎಂದರೇನು? ಒಂದು ಕಾಲಕ್ಕೆ ಮೆಣಸು, ಇನ್ನೊಂದು ಕಾಲಕ್ಕೆ ವಿದ್ಯುತ್. ನೆಲ ಅದೇ, ಮಳೆ ಅದೇ; ಬದಲಾದದ್ದು ಮನುಷ್ಯನ ಅಗತ್ಯ. ಕಣಿವೆಯ ಉಳಿದ ಕಾಡು, ಅದರಲ್ಲಿನ ಸಿಂಗಳೀಕಗಳು, ಅಳಿವೆಯ ಮೀನು, ಇವುಗಳ ಬೆಲೆಯನ್ನು ಕಟ್ಟಬೇಕಾದವರು ಮುಂದಿನ ಪೀಳಿಗೆಯವರಾದ ನೀವು. ಇಂದು ಸಂಜೆ ದೀಪ ಹಾಕುವಾಗ, ಆ ಬೆಳಕಿಗಾಗಿ ಊರು ಬಿಟ್ಟವರನ್ನು ಒಮ್ಮೆ ನೆನೆಯಿರಿ.